ಹತ್ತು ರೂಪಾಯಿಯ ಮುಖಕ್ಕೆ ಬೆಲೆ ಎಷ್ಟು? ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೂ ಷೇರುಪೇಟೆ ನೋಡಿಕೊಳ್ಳುವ ಸೆಬಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮನೆ ಕೆಜಿಎಫ್‌ನಲ್ಲಿ. ಬೆಳಗಿನ ರೈಲನ್ನು ಮಾರಿಕುಪ್ಪಂನಲ್ಲೇ ಹತ್ತಿಬಿಡುತ್ತೇನೆ. ಅಲ್ಲಾದರೆ ಕಿಟಕಿ ಪಕ್ಕ ಸೀಟು ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಊರಿಗಾಂ ಬರುತ್ತದೆ. ಹಳದಿ ಬೋರ್ಡು, ಹಿಂದೆ ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬ, ಒಂದಿಬ್ಬರು ಟಿಫಿನ್ ಬಾಕ್ಸ್ ಹಿಡಿದು ಓಡಿ ಬಂದು ಹತ್ತುತ್ತಾರೆ. ರೈಲು ಹೊರಡುತ್ತದೆ. ಇಷ್ಟೇ.

ಆದರೆ ಆ ಬೋರ್ಡು ಕಂಡಾಗಲೆಲ್ಲ ನನಗೆ ನಿಮ್ಮ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ. ಷೇರನ್ನು ಮುಖಬೆಲೆಗಿಂತ, ಅಂದರೆ ಅದರ ಮೇಲೆ ಬರೆದಿರುವ ಬೆಲೆಗಿಂತ, ಕಡಿಮೆಗೆ ಕೊಡಬಾರದು ಅಂತ ನಿಮ್ಮ ಕಂಪನಿ ಕಾಯ್ದೆಯ 53ನೇ ಸೆಕ್ಷನ್ ಹೇಳುತ್ತದಲ್ಲ, ಆ ಮಾತಿನ ಬೇರು ಇರುವುದು ಈ ಊರಿನ ಚಿನ್ನದ ಗಣಿಯಲ್ಲಿ. ಮುಖಬೆಲೆ ಇಲ್ಲದ ಷೇರಿಗೂ ಅವಕಾಶ ಕೊಡಿ ಅಂತ ಕೇಳಲು ಈ ಪತ್ರ.

ಕಥೆ ಹೀಗಿದೆ. 1880ರ ದಶಕ. ಊರಿಗಾಂ ಗಣಿ ನಡೆಸುತ್ತಿದ್ದ ಲಂಡನ್ ಕಂಪನಿಗೆ ಚಿನ್ನ ಸಿಕ್ಕಿರಲಿಲ್ಲ, ದುಡ್ಡು ಖಾಲಿಯಾಗಿತ್ತು. ಅದರ ಷೇರಿನ ಮುಖಬೆಲೆ ಒಂದು ಪೌಂಡ್, ಅಂದರೆ 20 ಶಿಲ್ಲಿಂಗ್. ಪೇಟೆಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಎರಡೂವರೆ ಶಿಲ್ಲಿಂಗ್. ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ ಎರಡಾಣೆ. ಕಂಪನಿ ಉಳಿಯಬೇಕಾದರೆ ಹೊಸ ದುಡ್ಡು ಬೇಕು. ಎರಡಾಣೆಯ ಷೇರನ್ನು ಹದಿನಾರಾಣೆ ಕೊಟ್ಟು ಯಾರು ಕೊಳ್ಳುತ್ತಾರೆ? ಅದಕ್ಕೆ ಒಂದು ಉಪಾಯ ಮಾಡಿದರು. ಒಂದು ಪೌಂಡಿನ ಪ್ರಿಫರೆನ್ಸ್ ಷೇರು (ಲಾಭಾಂಶದಲ್ಲಿ ಆದ್ಯತೆ ಇರುವ ಷೇರು) ಹೊರಡಿಸಿ, 15 ಶಿಲ್ಲಿಂಗ್ ಆಗಲೇ ಬಂದಿದೆ ಅಂತ ಪುಸ್ತಕದಲ್ಲಿ ಬರೆದುಕೊಂಡರು. ಕೊಳ್ಳುವವರು ಐದು ಶಿಲ್ಲಿಂಗ್ ಕೊಟ್ಟರೆ ಸಾಕು. ನಾಲ್ಕಾಣೆ ನಗದು, ಹನ್ನೆರಡಾಣೆ ಬರೀ ಶಾಯಿ.

ಉಪಾಯ ಫಲಿಸಿತು. ದುಡ್ಡು ಬಂತು, ಗಣಿ ಕೈಹಿಡಿಯಿತು, ಷೇರಿನ ಬೆಲೆ ಏರಿತು. ಏರಿದ ಮೇಲೆ ತಕರಾರು ಶುರುವಾಯಿತು, ಅದೂ ನಮ್ಮ ಕಡೆಯ ಮನೆ ಪಾಲಿನ ಹಾಗೇ. ರೋಪರ್ ಎಂಬ ಒಬ್ಬ ಷೇರುದಾರ ಕೋರ್ಟಿಗೆ ಹೋದ. 1892ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಅಂದರೆ ಅಲ್ಲಿನ ಆಗಿನ ಅತ್ಯುನ್ನತ ಕೋರ್ಟು, ತೀರ್ಪು ಕೊಟ್ಟಿತು. ವ್ಯವಹಾರ ಒಳ್ಳೇ ಉದ್ದೇಶದಿಂದ ಆಗಿದ್ದರೂ ಸರಿ, ಒಂದು ಪೌಂಡಿನ ಷೇರು ಅಂದರೆ ಒಂದು ಪೌಂಡೂ ಬರಲೇಬೇಕು. ಕಂಪನಿಗೆ ಸಾಲ ಕೊಡುವವನು ಆ ಅಂಕಿಯನ್ನು ನಂಬಿಕೊಂಡು ಕೊಡುತ್ತಾನೆ, ಆ ನಂಬಿಕೆಯ ಜೊತೆ ಆಟ ಆಡಬಾರದು. ತೀರ್ಪಿನ ತಿರುಳು ಇದು. ಊರಿಗಾಂ ಗೋಲ್ಡ್ ಮೈನಿಂಗ್ ಕಂಪನಿ ಆಫ್ ಇಂಡಿಯಾ ವಿರುದ್ಧ ರೋಪರ್. ಕಂಪನಿ ಕಾನೂನು ಓದುವ ಹುಡುಗರು ಇಂಗ್ಲೆಂಡಿನಲ್ಲೂ ಆಸ್ಟ್ರೇಲಿಯಾದಲ್ಲೂ ಈ ಹೆಸರನ್ನು ಬಾಯಿಪಾಠ ಮಾಡಿದ್ದಾರೆ. ನಮ್ಮ ರೈಲಿನಲ್ಲಿ ದಿನಾ ಬರುವ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಬೇಡಿ.

ತೀರ್ಪು ಆ ಕಾಲಕ್ಕೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವತ್ತು ಸಾಲ ಕೊಡುವವನಿಗೆ ಕಂಪನಿಯ ಬಗ್ಗೆ ಗೊತ್ತಾಗುತ್ತಿದ್ದದ್ದೇ ಕಡಿಮೆ. ಮುಖಬೆಲೆ ಗುಣಿಸು ಷೇರುಗಳ ಸಂಖ್ಯೆ, ಅದು ಕಂಪನಿಯ ಬಂಡವಾಳ. ಅದೊಂದು ಬೇಲಿ. ಆದರೆ ಬೇಲಿ ಹಾಕಿ 130 ವರ್ಷ ದಾಟಿತು. ಹೊಲ ಆ ಕಡೆ ಹೋಗಿದೆ, ಗಣಿಯೂ 2001ರಲ್ಲಿ ಮುಚ್ಚಿಹೋಯಿತು. ನಾವು ಇನ್ನೂ ಬೇಲಿ ಕಾಯುತ್ತಿದ್ದೇವೆ.

ನನ್ನ ಟೇಬಲ್ಲಿಗೆ ಬರುವ ಲೆಕ್ಕವನ್ನೇ ತೋರಿಸುತ್ತೇನೆ. ಹುಡುಗರಿಬ್ಬರು ಪೀಣ್ಯದ ಕಡೆ ಒಂದು ಪುಟ್ಟ ಪ್ರೈವೇಟ್ ಲಿಮಿಟೆಡ್ ಮಾಡಿದ್ದರು. 10 ರೂಪಾಯಿಯ 10,000 ಷೇರು, ಒಟ್ಟು ಒಂದು ಲಕ್ಷ. ಕೆಲಸ ಚೆನ್ನಾಗಿತ್ತು. ಒಬ್ಬ ಹೂಡಿಕೆದಾರ ಷೇರಿಗೆ 5,000 ರೂಪಾಯಿ ಕೊಟ್ಟು 4,000 ಷೇರು ತೆಗೆದುಕೊಂಡ. ಬ್ಯಾಂಕಿಗೆ ಎರಡು ಕೋಟಿ ಬಂತು. ನಾನು ಎಂಟ್ರಿ ಹಾಕಿದೆ. ಬ್ಯಾಂಕ್ ಖಾತೆಗೆ ಎರಡು ಕೋಟಿ ಡೆಬಿಟ್ ಕಡೆ. ಕ್ರೆಡಿಟ್ ಕಡೆ ಷೇರು ಬಂಡವಾಳ ಖಾತೆಗೆ 40,000. ಉಳಿದ 1,99,60,000 ರೂಪಾಯಿ, ಅಂದರೆ ಮುಖಬೆಲೆಯ ಮೇಲೆ ಬಂದದ್ದು, ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಗೆ. ಒಂದೇ ಚೆಕ್ಕು, ಒಂದೇ ದಿನ, ಒಬ್ಬನೇ ಕೊಟ್ಟಿದ್ದು. ಆದರೂ ಎರಡು ಡಬ್ಬಿ. ಯಾಕೆ ಅಂದರೆ ಷೇರಿನ ಮೇಲೆ 10 ಅಂತ ಬರೆದಿದೆ. 10 ಅಂತ ಯಾಕೆ ಬರೆದಿದ್ದಾರೆ ಅಂದರೆ, ಕಂಪನಿ ಶುರುವಾದಾಗ ಫಾರ್ಮ್ ತುಂಬಿದವರು ಎಲ್ಲರೂ ಹಾಕುವುದನ್ನೇ ಹಾಕಿದರು. ತುಂಬಿದವನು ನಾನೇ.

ಆರು ತಿಂಗಳ ಮೇಲೆ ಆ ಹುಡುಗರಿಗೆ ಒಬ್ಬ ಮೆಷಿನ್ ಸಪ್ಲೈಯರ್ ಉದ್ರಿ ಕೊಡಲು ಒಪ್ಪಲಿಲ್ಲ. ಅವರು ಹುಷಾರಿನ ಮನುಷ್ಯ, ನಿಮ್ಮ ಪೋರ್ಟಲ್ಲಿಗೆ ಹೋಗಿ ಕಂಪನಿಯ ವಿವರ ನೋಡಿದ್ದರು. ಪೇಯ್ಡ್ ಅಪ್ ಕ್ಯಾಪಿಟಲ್ (ಬರೀ ಮುಖಬೆಲೆ ಲೆಕ್ಕದಲ್ಲಿ ಬಂದ ಬಂಡವಾಳ): 1,40,000. ನನಗೇ ಫೋನ್ ಮಾಡಿದರು. "ಏನ್ ಸಾರ್, ಒಂದೂವರೆ ಲಕ್ಷ ಇಲ್ಲದ ಕಂಪನಿಗೆ ಎಂಟು ಲಕ್ಷದ ಮಾಲು ಉದ್ರಿ ಕೊಡೋದಾ?" ಅಂದರು. ಎರಡು ಕೋಟಿ ಬಂದಿದೆ ಸಾರ್, ಬ್ಯಾಲೆನ್ಸ್ ಶೀಟ್ ತೆಗೆದು ನೋಡಿ ಅಂದೆ. "ಅಷ್ಟಿದ್ದರೆ ಅಲ್ಲಿ ಯಾಕೆ ತೋರಿಸ್ತಿಲ್ಲ?" ಅಂದರು. ಏನು ಹೇಳಲಿ? 1892ರ ತೀರ್ಪು ಕಾಪಾಡಲು ಹೊರಟಿದ್ದು ಇಂಥವರನ್ನೇ. ಅವರು ಆ ಅಂಕಿಯನ್ನು ನಂಬಿದರು, ಅದು ಅವರಿಗೆ ಸುಳ್ಳು ಹೇಳಿತು.

ಸುಳ್ಳು ಎರಡೂ ಕಡೆಗೆ ಹೇಳುತ್ತದೆ. ದೊಡ್ಡ ಕಂಪನಿಗಳನ್ನೇ ನೋಡಿ. ಎಂಆರ್‌ಎಫ್ ಟೈರ್ ಕಂಪನಿಯ ಷೇರು 2023ರ ಜೂನ್‌ನಲ್ಲಿ ಲಕ್ಷ ರೂಪಾಯಿ ದಾಟಿತು. ಮುಖಬೆಲೆ 10 ರೂಪಾಯಿಯೇ. ಷೇರುಗಳು ಸುಮಾರು 42.41 ಲಕ್ಷ. ಹಾಗಾಗಿ ಪುಸ್ತಕದಲ್ಲಿ ಅದರ ಷೇರು ಬಂಡವಾಳ 4.24 ಕೋಟಿ. ಬೆಂಗಳೂರಿನ ಒಳ್ಳೇ ಬಡಾವಣೆಯಲ್ಲಿ ಒಂದು ಸೈಟಿನ ದುಡ್ಡು! ಅವತ್ತಿನ ಪೇಟೆ ಲೆಕ್ಕದಲ್ಲಿ ಆ ಕಂಪನಿಯ ಬೆಲೆ 42,000 ಕೋಟಿಗೂ ಜಾಸ್ತಿ.

ಇನ್ನೊಂದು ತುದಿಗೆ ವೊಡಾಫೋನ್ ಐಡಿಯಾ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿರುವುದು ನಮ್ಮೆಲ್ಲರ ದುಡ್ಡು. ಕಂಪನಿ ಸರ್ಕಾರಕ್ಕೆ ಕೊಡಬೇಕಿದ್ದ ಬಾಕಿಯನ್ನು ಎರಡು ಸಲ ಷೇರಾಗಿ ಬದಲಾಯಿಸಿದರು. 2023ರಲ್ಲಿ 16,133 ಕೋಟಿ ಚಿಲ್ಲರೆ, 2025ರಲ್ಲಿ 36,950 ಕೋಟಿ. ಎರಡು ಸಲವೂ ಪೇಟೆಯಲ್ಲಿ ಷೇರಿನ ಬೆಲೆ 7 ರೂಪಾಯಿ ಆಸುಪಾಸು. ಸರ್ಕಾರ ತೆಗೆದುಕೊಂಡದ್ದು 10 ರೂಪಾಯಿಗೆ. ಯಾಕೆ? ಮುಖಬೆಲೆ 10. ಅದಕ್ಕಿಂತ ಕಡಿಮೆಗೆ ಕೊಡಲು 53ನೇ ಸೆಕ್ಷನ್ ಬಿಡುವುದಿಲ್ಲ. ಊರಿಗಾಂ ಕೇಸೇ ಇದು, ಗಣಿಯ ಜಾಗದಲ್ಲಿ ಮೊಬೈಲ್ ಟವರ್ ಬಂದಿದೆ ಅಷ್ಟೆ. 2025ರ ಒಂದೇ ಸುತ್ತಿನಲ್ಲಿ 3,695 ಕೋಟಿ ಷೇರು. ಷೇರಿಗೆ ಮೂರು ರೂಪಾಯಿ ವ್ಯತ್ಯಾಸ ಅಂದರೂ 11,000 ಕೋಟಿಯಷ್ಟಾಯಿತು.

ಒಂದು ನ್ಯಾಯದ ಮಾತು. ಪೇಟೆ ಬೆಲೆಗೇ ತೆಗೆದುಕೊಂಡಿದ್ದರೆ ಸರ್ಕಾರದ ಪಾಲು ಶೇಕಡಾ 51 ದಾಟಿ, ಅದು ಸರ್ಕಾರಿ ಕಂಪನಿಯೇ ಆಗಿಬಿಡುತ್ತಿತ್ತು. 10 ರೂಪಾಯಿ ಆದ್ದರಿಂದ 49ರ ಹತ್ತಿರ ನಿಂತಿತು. ಬೇಕು ಅಂತಲೇ ಹಾಗೆ ಮಾಡಿದರೂ ತಪ್ಪೇನಿಲ್ಲ, ಅದು ಸರ್ಕಾರದ ತೀರ್ಮಾನ. ಆದರೆ ತೀರ್ಮಾನ ಮಾಡುವವರು ಬೆಲೆ ಕೂಡಿ ಕಳೆದು ಮಾಡಬೇಕು. ಯಾವತ್ತೋ ಮೆಮೊರಾಂಡಂನಲ್ಲಿ, ಅಂದರೆ ಕಂಪನಿ ಹುಟ್ಟುಹಾಕುವ ಕಾಗದದಲ್ಲಿ, ಟೈಪ್ ಆದ ಒಂದು ಅಂಕಿ ಅವರ ಪರವಾಗಿ ತೀರ್ಮಾನ ಮಾಡುವುದು ಯಾವ ಲೆಕ್ಕ?

ಈಗ ಆ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡಿ. 2025ರ ಆ ಬದಲಾವಣೆ ಆದ ಮೇಲೆ ಷೇರು ಬಂಡವಾಳ ಒಂದು ಲಕ್ಷ ಕೋಟಿ ದಾಟಿತು. ಅದೇ ಹೊತ್ತಿಗೆ ಕಂಪನಿಯ ನೆಟ್‌ವರ್ತ್, ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು, ಮೈನಸ್‌ನಲ್ಲಿ. ಪೀಣ್ಯದ ಹುಡುಗರ ಆ ಸಪ್ಲೈಯರ್ ಪೋರ್ಟಲ್ ಒಂದನ್ನೇ ನೋಡಿದರೆ ಎಂಆರ್‌ಎಫ್‌ಗೆ ಉದ್ರಿ ಕೊಡುವುದಿಲ್ಲ, ವೊಡಾಫೋನ್ ಐಡಿಯಾಗೆ ಗೋಡೌನ್ ಬೀಗದಕೈಯನ್ನೇ ಕೊಟ್ಟುಬಿಡುತ್ತಾರೆ.

ಸಾಲ ಕೊಟ್ಟವರ ರಕ್ಷಣೆಗೆ ಈ ಅಂಕಿ ಬೇಕು ಅನ್ನುವ ವಾದವನ್ನು ನೀವೇ ಬಿಟ್ಟು ಬಹಳ ದಿನ ಆಯಿತು. ಮುಂಚೆ ಪ್ರೈವೇಟ್ ಕಂಪನಿಗೆ ಕನಿಷ್ಠ ಒಂದು ಲಕ್ಷ, ಪಬ್ಲಿಕ್ ಕಂಪನಿಗೆ ಐದು ಲಕ್ಷ ಬಂಡವಾಳ ಇರಬೇಕಿತ್ತು. 2015ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದಿರಿ. ಈಗ ಹತ್ತು ರೂಪಾಯಿಯ ಎರಡು ಷೇರಿಟ್ಟುಕೊಂಡು ಪ್ರೈವೇಟ್ ಲಿಮಿಟೆಡ್ ತೆರೆಯಬಹುದು. ಸಾಲ ಕೊಟ್ಟವನನ್ನು 20 ರೂಪಾಯಿ ಕಾಪಾಡುತ್ತದಾ? ಒಳ್ಳೇದೇ ಮಾಡಿದಿರಿ, ನಾನು ದೂರುತ್ತಿಲ್ಲ. ಬ್ಯಾಂಕುಗಳ ವಿಷಯದಲ್ಲೂ ಬಾಗಿಲು ತೆರೆದಿದ್ದೀರಿ. ರಿಸರ್ವ್ ಬ್ಯಾಂಕಿನ ಮಾರ್ಗಸೂಚಿ ಪ್ರಕಾರ ಸಾಲ ಪುನರ್‌ರಚನೆ ಆದರೆ, ಸಾಲ ಕೊಟ್ಟವರಿಗೆ ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡಬಹುದು ಅಂತ 53ಕ್ಕೇ ಒಂದು ಉಪಕಲಂ ಸೇರಿಸಿದಿರಿ. ಮಜಾ ಏನೆಂದರೆ, 1956ರ ಹಳೇ ಕಾಯ್ದೆಯಲ್ಲಿ ಅನುಮತಿ ತೆಗೆದುಕೊಂಡು ಸ್ವಲ್ಪ ರಿಯಾಯಿತಿಗೆ ಷೇರು ಕೊಡಲು ಎಲ್ಲರಿಗೂ ದಾರಿ ಇತ್ತು. 2013ರಲ್ಲಿ ಆ ದಾರಿ ಮುಚ್ಚಿದಿರಿ. ಆಮೇಲೆ ಪಕ್ಕದಲ್ಲಿ ಕಿಂಡಿ ಕೊರೆದಿರಿ. ಬಾಗಿಲೇ ತೆಗೆದರೆ ಆಗದಾ?

ಪ್ರೀಮಿಯಂ ಡಬ್ಬಿಯ ಕಥೆಯೂ ಹೀಗೇ. ಅದರಲ್ಲಿರುವ ದುಡ್ಡನ್ನು ಲಾಭಾಂಶವಾಗಿ ಹಂಚುವಂತಿಲ್ಲ. ಬೋನಸ್ ಷೇರಿಗೆ, ಷೇರು ಹೊರಡಿಸಿದ ಖರ್ಚಿಗೆ, ಬೈಬ್ಯಾಕಿಗೆ (ತನ್ನ ಷೇರನ್ನೇ ವಾಪಸ್ ಕೊಳ್ಳುವುದಕ್ಕೆ), ಇಂಥ ಎಣಿಸಿದ ಕೆಲಸಕ್ಕೆ ಮಾತ್ರ ಮುಟ್ಟಬಹುದು. ಬೇರೆ ರೀತಿಯಲ್ಲಿ ಕಡಿಮೆ ಮಾಡಬೇಕಾದರೆ, ಅದೂ ಷೇರು ಬಂಡವಾಳವೇ ಅಂದುಕೊಂಡು ಅದೇ ದಾರಿಯಲ್ಲಿ ಹೋಗಬೇಕು ಅಂತ 52ನೇ ಸೆಕ್ಷನ್ ಹೇಳುತ್ತದೆ. ಅಂದರೆ ಕಾಯ್ದೆಯೇ ಒಪ್ಪುತ್ತದೆ, ಎರಡು ಡಬ್ಬಿಯಲ್ಲೂ ಇರುವುದು ಒಂದೇ ಅಕ್ಕಿ. ಬೀಗ ಮಾತ್ರ ಬೇರೆ ಬೇರೆ.

ಸರಿ, ಇದೆಲ್ಲ ಲೆಕ್ಕದವರ ತಲೆನೋವು, ಜನಕ್ಕೇನು ಅಂತ ಕೇಳುತ್ತೀರಿ. ಜನಕ್ಕೆ ಬಿಸಿ ತಟ್ಟುವುದು ಡಿವಿಡೆಂಡ್‌ನಲ್ಲಿ, ಅಂದರೆ ಲಾಭಾಂಶದಲ್ಲಿ.

ನಮ್ಮ ಸೋದರಮಾವ ರಿಟೈರ್ಡ್ ಮೇಷ್ಟ್ರು. ಮುಳಬಾಗಿಲ ಹತ್ತಿರದ ಹಳ್ಳಿಯಲ್ಲಿದ್ದಾರೆ. ಕೊರೋನಾ ಆದ ಮೇಲೆ ಮೊಬೈಲಿನಲ್ಲಿ ಷೇರು ಕೊಳ್ಳುವುದು ಕಲಿತರು. ಒಂದು ದಿನ ಅವರ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಇಂಥ ಕಂಪನಿ 600 ಪರ್ಸೆಂಟ್ ಡಿವಿಡೆಂಡ್ ಘೋಷಿಸಿದೆ, ರೆಕಾರ್ಡ್ ಡೇಟ್ ಒಳಗೆ ತಗೊಳ್ಳಿ. ಮಾವ ಬ್ಯಾಂಕಿನಲ್ಲಿದ್ದ ಎಫ್‌ಡಿ ಮುರಿಸಿ, ಷೇರಿಗೆ 1,840 ಕೊಟ್ಟು 50 ಷೇರು ಕೊಂಡರು. 92,000 ರೂಪಾಯಿ. ನನಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಅಂತೀನಿ ಅಂತ ಗೊತ್ತಿತ್ತು. ಡಿವಿಡೆಂಡ್ ಅಕೌಂಟಿಗೆ ಬಂದ ದಿನ ಫೋನ್ ಬಂತು.

"ಏನಪ್ಪಾ, ಇವರು ಆರುನೂರು ಪರ್ಸೆಂಟ್ ಅಂದಿದ್ರು. ಆರುನೂರು ರೂಪಾಯಿ ಹಾಕಿದಾರೆ. ಎಲ್ಲೋ ಸೊನ್ನೆ ಬಿಟ್ಟು ಹೋಗಿದೆಯಾ ನೋಡು."

ಸೊನ್ನೆ ಬಿಟ್ಟಿರಲಿಲ್ಲ. ಆ ಷೇರಿನ ಮುಖಬೆಲೆ 2 ರೂಪಾಯಿ. 600 ಪರ್ಸೆಂಟ್ ಅಂದರೆ ಷೇರಿಗೆ 12 ರೂಪಾಯಿ. 50 ಷೇರಿಗೆ 600. ಅವರು ಹಾಕಿದ ದುಡ್ಡಿನ ಮೇಲೆ ಶೇಕಡಾ ಮುಕ್ಕಾಲೂ ಇಲ್ಲ. ಎಫ್‌ಡಿ ಸುಮ್ನೆ ಬಿಟ್ಟಿದ್ದರೆ ಇದರ ಹತ್ತು ಪಟ್ಟು ಬರುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಶೇಕಡಾವಾರು ಲೆಕ್ಕ ಹೇಳಿಕೊಟ್ಟ ಮನುಷ್ಯ ಅವರು. ನಾನು ವಿವರಿಸಿದೆ. ಒಂದು ನಿಮಿಷ ಸುಮ್ಮನಿದ್ದು, "ಹಾಗಾದರೆ ಮುಖಬೆಲೆ ಅಂತ ಯಾಕೆ ಕರೀತೀರಿ? ಐನೂರರ ನೋಟಿನ ಮುಖಬೆಲೆ ಐನೂರೇ ಅಲ್ವಾ?" ಅಂದರು.

ನಿಜ ಅಲ್ವಾ? ಕನ್ನಡದಲ್ಲಿ ಮುಖಬೆಲೆ ಅಂದರೆ ನೋಟಿನ ಮೇಲೆ ಬರೆದದ್ದು, ಅಂಗಡಿಯಲ್ಲಿ ಸಿಗುವುದು, ಎರಡೂ ಒಂದೇ. ಷೇರಿಗೆ ಆ ಪದ ಅಂಟಿಸಿದ ದಿನವೇ ಅರ್ಧ ಗೊಂದಲ ಹುಟ್ಟಿತು. ಇದಕ್ಕೆ ಉಲ್ಟಾ ಗೊಂದಲವನ್ನೂ ಕಂಡಿದ್ದೇನೆ. ಒಬ್ಬ ಅಜ್ಜಿ ತೀರಿಹೋದ ಗಂಡನ ಟ್ರಂಕಿನಲ್ಲಿ ಸಿಕ್ಕ ಷೇರು ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನಮ್ಮ ಆಫೀಸಿಗೆ ಬಂದಿದ್ದರು. ಹತ್ತು ರೂಪಾಯಿಯ ನೂರು ಷೇರು. "ಸಾವಿರ ರೂಪಾಯಿದಂತೆ, ಓಡಾಟದ ಖರ್ಚೇ ಅದಕ್ಕಿಂತ ಜಾಸ್ತಿ ಆಗುತ್ತೆ ಅಂತ ಮಗ ಬಿಸಾಕು ಅಂದ" ಅಂದರು. ಅವತ್ತಿನ ಪೇಟೆಯಲ್ಲಿ ಅದರ ಬೆಲೆ ಎರಡು ಲಕ್ಷದ ಹತ್ತಿರ ಇತ್ತು. ಕಾಫಿ ಕುಡಿಸಿ ಕೂರಿಸಿ ಹೇಳಿದೆ. ನಂಬಲಿಲ್ಲ. ಕಾಗದದ ಮೇಲೆ ಹತ್ತು ಅಂತ ಅಚ್ಚಾಗಿದೆಯಲ್ಲ!

ಹಳಬರಿಗೆ ಪರ್ಸೆಂಟ್ ಅರ್ಥವಾಗುತ್ತಿದ್ದ ಕಾಲ ಒಂದಿತ್ತು, ಅದನ್ನೂ ಹೇಳಬೇಕು. 1992ರ ತನಕ ಯಾವ ಕಂಪನಿ ಎಷ್ಟು ಪ್ರೀಮಿಯಂ ಕೇಳಬಹುದು ಅಂತ ದೆಹಲಿಯಲ್ಲಿ ಬಂಡವಾಳ ವಿತರಣೆಯ ನಿಯಂತ್ರಕರು ಕೂತು ಹೇಳುತ್ತಿದ್ದರು. ಬಹಳ ಷೇರುಗಳು ಹತ್ತಕ್ಕೋ ಹತ್ತರ ಸ್ವಲ್ಪ ಮೇಲಕ್ಕೋ ಸಿಗುತ್ತಿದ್ದವು. ಹತ್ತು ಕೊಟ್ಟವನಿಗೆ ಎರಡು ರೂಪಾಯಿ ಬಂದರೆ 20 ಪರ್ಸೆಂಟ್. ಲೆಕ್ಕ ನೇರ. ಆ ಹುದ್ದೆ 1992ರಲ್ಲಿ ಹೋಯಿತು, ಬೆಲೆ ಪೇಟೆಗೆ ಬಿಟ್ಟಿರಿ. 1999ರಲ್ಲಿ ಮುಖಬೆಲೆ 10 ಅಥವಾ 100 ಇರಲೇಬೇಕು ಅನ್ನುವ ಕಟ್ಟನ್ನೂ ಸೆಬಿ ಸಡಿಲಿಸಿತು. ಒಂದು ಕಂಪನಿಯದು 1, ಇನ್ನೊಂದರದು 2, ಮತ್ತೊಂದರದು 5. ಕಾಲ ಬದಲಾಯಿತು, ಪರ್ಸೆಂಟ್ ಮಾತ್ರ ಹಾಗೇ ಉಳಿಯಿತು.

ಬೆಂಗಳೂರಿನದೇ ದೊಡ್ಡ ಉದಾಹರಣೆ ಇನ್ಫೋಸಿಸ್. 1993ರಲ್ಲಿ ಜನಕ್ಕೆ ಷೇರು ಕೊಟ್ಟಾಗ ಬೆಲೆ 95 ರೂಪಾಯಿ. 10 ಬಂಡವಾಳದ ಡಬ್ಬಿಗೆ, 85 ಪ್ರೀಮಿಯಂ ಡಬ್ಬಿಗೆ. ಅವತ್ತು 100 ಷೇರು ಕೊಂಡವನು ಕೊಟ್ಟದ್ದು 9,500. ಅವನ ಹೆಸರಿನಲ್ಲಿ ಷೇರು ಬಂಡವಾಳಕ್ಕೆ ಸೇರಿದ್ದು 1,000. ಆಮೇಲೆ 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್. 2000ದಲ್ಲಿ 10 ರೂಪಾಯಿಯ ಷೇರನ್ನು 5ರ ಎರಡು ಮಾಡಿದರು. 2004ರಲ್ಲಿ ಒಂದಕ್ಕೆ ಮೂರು ಬೋನಸ್, 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಮಾರದೆ ಕೂತವನ ಹತ್ತಿರ ಈಗ 1,02,400 ಷೇರು. ಮುಖಬೆಲೆ 5ರಂತೆ ಗುಣಿಸಿ: 5,12,000 ರೂಪಾಯಿ. ಅವನು ಜೇಬಿನಿಂದ ಕೊಟ್ಟದ್ದು ಒಂಬತ್ತೂವರೆ ಸಾವಿರ. ಕಾನೂನಿನ ಪ್ರಕಾರ ಅವನ ಷೇರುಗಳ ಬಂಡವಾಳ ಐದು ಲಕ್ಷದ ಮೇಲೆ!

ಮೋಸ ಏನೂ ಇಲ್ಲ ಇದರಲ್ಲಿ. ಷೇರನ್ನು ಎರಡು ಮಾಡಿದಾಗ ಬಂಡವಾಳದ ಮೊತ್ತ ಅಷ್ಟೇ ಇರುತ್ತದೆ, ರೊಟ್ಟಿ ಮುರಿದ ಹಾಗೆ. ಬೋನಸ್ ಹಾಗಲ್ಲ. ಕಂಪನಿ ತನ್ನ ಮೀಸಲು ನಿಧಿಯಿಂದಲೋ ಪ್ರೀಮಿಯಂನಿಂದಲೋ ಅಷ್ಟು ಮೊತ್ತವನ್ನು ಬಂಡವಾಳದ ಖಾತೆಗೆ ದಾಟಿಸುತ್ತದೆ. ಹೊರಗಿನಿಂದ ಒಂದು ಪೈಸೆ ಬರುವುದಿಲ್ಲ, ಒಳಗಿನಿಂದ ಒಂದು ಪೈಸೆ ಹೋಗುವುದಿಲ್ಲ. ಮೀಸಲಿನಲ್ಲಿದ್ದಿದ್ದರೆ ಮುಂದೆ ಯಾವತ್ತಾದರೂ ಲಾಭಾಂಶವಾಗಿ ಹಂಚಬಹುದಾಗಿದ್ದ ಲಾಭ ಬಂಡವಾಳಕ್ಕೆ ಹೋಗಿ ಬೀಗ ಬಿದ್ದ ಹಾಗಾಯಿತು. ಅಷ್ಟೇ ಬದಲಾವಣೆ. ಈ ಎರಡನ್ನೂ ಜನ ಒಂದೇ ಅಂದುಕೊಂಡಿದ್ದಾರೆ. ಅಂದುಕೊಳ್ಳದೆ ಏನು ಮಾಡುತ್ತಾರೆ, ಮೊಬೈಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಸೆಬಿಯವರಿಗೆ ಒಂದು ಮಾತು. ಲಿಸ್ಟ್ ಆದ ಕಂಪನಿ ಲಾಭಾಂಶವನ್ನು ಷೇರಿಗೆ ಇಷ್ಟು ರೂಪಾಯಿ ಅಂತಲೇ ಘೋಷಿಸಬೇಕು ಅಂತ ನಿಮ್ಮ 43ನೇ ನಿಯಮ ಆಗಲೇ ಹೇಳುತ್ತದೆ. ಒಳ್ಳೇ ನಿಯಮ. ಆದರೆ ಷೇರಿಗೆ 12 ರೂಪಾಯಿ ಅಂತ ಬರೆದು, ಪಕ್ಕದಲ್ಲೇ ಕಂಸ ಹಾಕಿ 600% ಅಂತ ಸೇರಿಸುವ ಚಾಳಿ ನಿಂತಿಲ್ಲ. ವಾಟ್ಸಾಪಿಗೆ ಹೋಗುವುದು ಕಂಸದೊಳಗಿನದೇ. ಆ ಕಂಸವನ್ನೇ ನಿಷೇಧಿಸಿ. ಒಂದು ಸಾಲಿನ ಸುತ್ತೋಲೆ ಸಾಕು, ಸಂಸತ್ತು ಬೇಡ. ಪರ್ಸೆಂಟ್ ಹೇಳಲೇಬೇಕು ಅಂದರೆ ಹಿಂದಿನ ದಿನದ ಪೇಟೆ ಬೆಲೆಯ ಮೇಲೆ ಹೇಳಲಿ. ನಮ್ಮ ಮಾವನಿಗೆ 0.65 ಅಂತ ಕಂಡಿದ್ದರೆ ಎಫ್‌ಡಿ ಮುರಿಯುತ್ತಿರಲಿಲ್ಲ. ಕಂಪನಿ ಮೊದಲ ಸಲ ಜನಕ್ಕೆ ಷೇರು ಮಾರುವ ಐಪಿಒ ಜಾಹೀರಾತುಗಳಲ್ಲಿ ಬೆಲೆ ಮುಖಬೆಲೆಯ ಇಷ್ಟು ಪಟ್ಟು ಅಂತ ದೊಡ್ಡದಾಗಿ ಬರುತ್ತದಲ್ಲ, ಅದೂ ಅಷ್ಟೇ. 100 ರೂಪಾಯಿ ಬೆಲೆಯ ಷೇರಿಗೆ ಮುಖಬೆಲೆ 10 ಇದ್ದರೆ 10 ಪಟ್ಟು, 1 ಇದ್ದರೆ 100 ಪಟ್ಟು. ಕಂಪನಿ ಅದೇ, ಬೆಲೆ ಅದೇ. ಓದುವವನು ಇದರಿಂದ ಏನು ತಿಳಿದುಕೊಳ್ಳಬೇಕು?

ಸಚಿವಾಲಯದವರಿಗೆ ಇದಕ್ಕಿಂತ ದೊಡ್ಡ ಕೋರಿಕೆ. ಮುಖಬೆಲೆ ಇಲ್ಲದ ಷೇರಿಗೆ ಅವಕಾಶ ಕೊಡಿ. ಈಗಿನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಮೆಮೊರಾಂಡಂನಲ್ಲಿ ಬಂಡವಾಳವನ್ನು ಒಂದು ನಿಗದಿ ಮೊತ್ತದ ಷೇರುಗಳಾಗಿ ಭಾಗ ಮಾಡಿಯೇ ತೋರಿಸಬೇಕು. ಆ ನಿಗದಿ ಮೊತ್ತವನ್ನು ಬಿಡಿ. ಷೇರಿಗೆ ಬಂದ ದುಡ್ಡು ಪೂರ್ತಿ ಒಂದೇ ಖಾತೆಗೆ ಹೋಗಲಿ. ಇದೇನು ಯಾರೂ ಮಾಡದ್ದಲ್ಲ. ನ್ಯೂಯಾರ್ಕ್ ರಾಜ್ಯ 1912ರಲ್ಲೇ ಇಂಥ ಷೇರಿಗೆ ಅವಕಾಶ ಕೊಟ್ಟಿತು. ಅಲ್ಲಿ ಹಾಲಿಗೆ ನೀರು ಬೆರೆಸಿದ ಹಾಗೆ ಷೇರಿಗೆ ನೀರು ಬೆರೆಸುವ, ಅಂದರೆ ಬಂದ ದುಡ್ಡಿಗಿಂತ ದೊಡ್ಡ ಅಂಕಿ ಅಚ್ಚು ಹಾಕುವ, ಕಾಟ ಜಾಸ್ತಿಯಾಗಿತ್ತು. ನೂರು ಡಾಲರ್ ಅಂತ ಅಚ್ಚು ಹಾಕಿದರೆ ತಾನೇ ಜನ ನಂಬುವುದು, ಅಚ್ಚೇ ಬೇಡ ಅಂದರು. ಆಸ್ಟ್ರೇಲಿಯಾ 1998ರಲ್ಲಿ ಮುಖಬೆಲೆಯನ್ನು ಪೂರ್ತಿ ತೆಗೆಯಿತು, ಸಿಂಗಪುರ 2006ರಲ್ಲಿ, ಹಾಂಕಾಂಗ್ 2014ರಲ್ಲಿ, ಮಲೇಷ್ಯಾ 2017ರಲ್ಲಿ. ಪ್ರೀಮಿಯಂ ಡಬ್ಬಿಯಲ್ಲಿದ್ದದ್ದನ್ನು ಬಂಡವಾಳಕ್ಕೆ ಸೇರಿಸಿಬಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ. ಇವೆಲ್ಲ ನಮ್ಮ ಹಾಗೇ ಇಂಗ್ಲಿಷರ ಕಾನೂನಿನಿಂದ ಬಂದ ದೇಶಗಳು, ಊರಿಗಾಂ ತೀರ್ಪನ್ನು ಓದಿದವರೇ. ಮುಖಬೆಲೆ ಉಳಿಸಿಕೊಂಡ ಕಡೆಯೂ ಅದು ಶಾಸ್ತ್ರಕ್ಕಷ್ಟೇ. ಆಪಲ್ ಕಂಪನಿಯ ಷೇರಿನ ಮುಖಬೆಲೆ 0.00001 ಡಾಲರ್. ಸಾವಿರದೈನೂರು ಕೋಟಿ ಷೇರಿಗೆ ಗುಣಿಸಿದರೂ ಒಂದೂವರೆ ಲಕ್ಷ ಡಾಲರ್ ಅಷ್ಟೇ. ಹಾಗಾಗಿ ಅವರು ಮುಖಬೆಲೆಯ ಬಂಡವಾಳ, ಅದರ ಮೇಲೆ ಬಂದ ದುಡ್ಡು ಎರಡನ್ನೂ ಬ್ಯಾಲೆನ್ಸ್ ಶೀಟಿನಲ್ಲಿ ಒಂದೇ ಸಾಲಿನಲ್ಲಿ ಬರೆದುಬಿಡುತ್ತಾರೆ.

ನಿಮಗೆ ಒಂದು ಅಡ್ಡಿ ಇದೆ, ಅದು ನನಗೂ ಗೊತ್ತು. ಅಧಿಕೃತ ಬಂಡವಾಳದ (ಕಂಪನಿ ಎಷ್ಟು ಬಂಡವಾಳದ ತನಕ ಷೇರು ಹೊರಡಿಸಬಹುದು ಅನ್ನುವ ಮಿತಿಯ) ಮೇಲೆ ನೋಂದಣಿ ಶುಲ್ಕ ಬರುತ್ತದೆ, ರಾಜ್ಯಗಳಿಗೆ ಸ್ಟಾಂಪ್ ಡ್ಯೂಟಿ ಬರುತ್ತದೆ. ಮುಖಬೆಲೆ ಹೋದರೆ ಯಾವುದರ ಮೇಲೆ ಹಾಕುವುದು? ಷೇರಿಗೆ ನಿಜವಾಗಿ ಬಂದ ದುಡ್ಡಿನ ಮೇಲೆ ಹಾಕಿ. ದರ ಬೇಕಾದರೆ ಇಳಿಸಿ. ಈಗ ನೋಂದಣಿ ಶುಲ್ಕದಲ್ಲಿ ಎರಡು ಕೋಟಿ ತಂದ ಕಂಪನಿಗೂ ನಲವತ್ತು ಸಾವಿರ ತಂದ ಕಂಪನಿಗೂ ಒಂದೇ ಲೆಕ್ಕ. ಇದು ನ್ಯಾಯವಾ? ಹಳೇ ಕಂಪನಿಗಳನ್ನೆಲ್ಲ ಒಂದೇ ದಿನ ಬದಲಾಯಿಸಿ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಆಫೀಸಿನಲ್ಲಿ ಸೆಪ್ಟೆಂಬರ್ ಬಂದರೆ ಊಟಕ್ಕೆ ಪುರುಸೊತ್ತು ಇರುವುದಿಲ್ಲ, ಇನ್ನೊಂದು ಕಡ್ಡಾಯ ಫಾರ್ಮ್ ತಂದರೆ ನಾನೇ ಮೊದಲು ಬೈಯುವವನು. ಹೊಸ ಕಂಪನಿಗಳು ಬೇಕಾದರೆ ಮುಖಬೆಲೆ ಇಲ್ಲದೆ ಶುರು ಮಾಡಲಿ. ಹಳಬರು ಇಷ್ಟ ಇದ್ದರೆ ಬರಲಿ.

ಕಾಯ್ದೆ ತಿದ್ದಲು ವರ್ಷಗಳು ಬೇಕು. ಅಲ್ಲಿ ತನಕ ಒಂದು ಸಣ್ಣ ಕೆಲಸ. ನಿಮ್ಮ ಪೋರ್ಟಲ್ಲಿನ ಕಂಪನಿ ವಿವರದ ಪುಟದಲ್ಲಿ ಅಧಿಕೃತ ಬಂಡವಾಳ, ಪೇಯ್ಡ್ ಅಪ್ ಬಂಡವಾಳ ಅಂತ ಎರಡು ಸಾಲು ಇವೆಯಲ್ಲ, ಕೆಳಗೆ ಇನ್ನೊಂದು ಸಾಲು ಸೇರಿಸಿ: ಷೇರುದಾರರಿಂದ ಈ ತನಕ ನಿಜವಾಗಿ ಬಂದ ಒಟ್ಟು ದುಡ್ಡು. ಮಾಹಿತಿ ನಿಮ್ಮ ಹತ್ತಿರವೇ ಇದೆ. ಪ್ರತಿ ಸಲ ಷೇರು ಹಂಚಿದಾಗ ನಾವು ತುಂಬಿ ಕಳಿಸುವ ಪಾಸ್-3 ಫಾರ್ಮಿನಲ್ಲಿ ಮುಖಬೆಲೆ ಎಷ್ಟು, ಪ್ರೀಮಿಯಂ ಎಷ್ಟು ಎಲ್ಲ ಬರೆದಿರುತ್ತೇವೆ. ಕೂಡಿಸಿ ತೋರಿಸಿದರೆ ಆಯಿತು. ಪೀಣ್ಯದ ಆ ಹುಡುಗರು ಕೊನೆಗೆ ಮುಂಗಡ ಕೊಟ್ಟೇ ಮೆಷಿನ್ ತರಿಸಿದರು. ಎಂಟು ಲಕ್ಷಕ್ಕೆ ಮೂರು ತಿಂಗಳ ಉದ್ರಿ ಸಿಕ್ಕಿದ್ದರೆ ಆ ದೀಪಾವಳಿಗೆ ಕೆಲಸದವರಿಗೆ ಬೋನಸ್ ತಡ ಆಗುತ್ತಿರಲಿಲ್ಲ. ಬೋನಸ್ ಷೇರಲ್ಲ, ದುಡ್ಡಿನ ಬೋನಸ್.

ಮಾವ ಆ 50 ಷೇರನ್ನು ಇನ್ನೂ ಮಾರಿಲ್ಲ. ಕೊಂಡ ಬೆಲೆಗಿಂತ ಸ್ವಲ್ಪ ಕೆಳಗಿದೆ, ಏರಿದ ಮೇಲೆ ಮಾರುತ್ತೇನೆ ಅನ್ನುತ್ತಾರೆ. ಹೋದ ವಾರ ನಾನು ರೈಲಿನಲ್ಲಿದ್ದಾಗ ಫೋನ್ ಮಾಡಿದ್ದರು. ಬಂಗಾರಪೇಟೆ ದಾಟಿತ್ತು, ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. "ಈ ಸಲ ಏಳುನೂರು ಪರ್ಸೆಂಟಂತೆ ಕಣಪ್ಪಾ" ಅಂದರು. ಮುಖಬೆಲೆ ಎರಡೇ ತಾನೇ ಮಾವ ಅಂದೆ. "ಗೊತ್ತು, ಗೊತ್ತು. ಏಳುನೂರು ರೂಪಾಯಿ. ಲೆಕ್ಕ ಹಾಕಿಯೇ ಫೋನ್ ಮಾಡಿದ್ದು" ಅಂದರು.

ಇಂತಿ ನಿಮ್ಮ ವಿಶ್ವಾಸಿ,
ಕೆಜಿಎಫ್‌ನಿಂದ ಬೆಂಗಳೂರಿಗೆ ಓಡಾಡುವ ಒಬ್ಬ ಲೆಕ್ಕದವನು